ಹಾಜರ್, ಮತವಿಲ್ಲ

ಸೂಪಿಗೆ ಉಪ್ಪು ಸಾಕಾ ಅಂತ ನನ್ನ ಗಂಡ ಲೂಮಿರ್‌ನ ಕೇಳಿ ನೋಡಿ. "ಇರಬಹುದು" ಅಂತಾನೆ. ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಮದುವೆಯಾದಾಗಿನಿಂದ ನಾನು ಈ ಅಡ್ಡಗೋಡೆ ಮೇಲಿನ ದೀಪದ ಜೊತೆಗೇ ಸಂಸಾರ ಮಾಡಿದ್ದೇನೆ.

ಅವನು ದನದ ಡಾಕ್ಟರು. ಹಿಮ ಬೀಳುವಾಗ, ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿದೆ ಅಂತ ಯಾರು ಕರೆದರೂ ಹೋಗುತ್ತಾನೆ. ನಮ್ಮ ದೇಶದಲ್ಲಿ ದೊಡ್ಡ ಪಕ್ಷ ಎರಡೇ, ಒಂದರ ಬಣ್ಣ ಕೆಂಪು, ಇನ್ನೊಂದರದು ನೀಲಿ; ಕರುವಿಗೆ ಎರಡೂ ಇಲ್ಲ ನೋಡಿ. ನಮ್ಮ ನೆಬ್ರಾಸ್ಕಾ ರಾಜ್ಯದ ಶಾಸನಸಭೆಗೆ ನಿಂತಾಗ ಮತಪತ್ರದಲ್ಲೂ ಪಕ್ಷದ ಹೆಸರು ಇರುವುದಿಲ್ಲ, ಬರೀ ಮನುಷ್ಯನ ಹೆಸರು. ಕರು ಎಳೆದು ಕೊಟ್ಟವನಿಗೆ ಜನ ಓಟು ಕೊಟ್ಟರು. ಅವನು ಕೆಂಪಿನವನು ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತಿ ಆಡಲಿಲ್ಲ.

ಎತ್ತಿ ಆಡುವ ಕಾಲ ಬಂದದ್ದು ಆ ಮಸೂದೆಯಿಂದ. ದೇಶದ ಅಧ್ಯಕ್ಷರನ್ನು ಆರಿಸಲು ನಮ್ಮ ರಾಜ್ಯಕ್ಕೆ ಐದು ಮತ. ಹೆಚ್ಚುಕಮ್ಮಿ ಬೇರೆಲ್ಲ ರಾಜ್ಯಗಳವರೂ ಗೆದ್ದವನಿಗೆ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕೊಡುತ್ತಾರೆ. ನಾವು ಹಾಗಲ್ಲ, ಎರಡು ಇಡೀ ರಾಜ್ಯದಲ್ಲಿ ಗೆದ್ದವನಿಗೆ, ಉಳಿದ ಮೂರು, ಮೂರು ಕ್ಷೇತ್ರಗಳಲ್ಲಿ ಗೆದ್ದವರಿಗೆ ಒಂದೊಂದು. ಹಾಗಾಗಿ ಓಮಾಹಾ ಪಟ್ಟಣದ ಒಂದು ಮತ ಆಗಾಗ ನೀಲಿಯವರಿಗೆ ಹೋಗುತ್ತದೆ. ಆ ಒಂದನ್ನೂ ಗಂಟಿಗೆ ಸೇರಿಸಬೇಕು ಅಂತ ಕೆಂಪಿನವರು ಹಟ ಹಿಡಿದರು. ಚರ್ಚೆ ಮುಗಿಸಿ ಮಸೂದೆ ಮುಂದಕ್ಕೆ ತಳ್ಳಲು ಸಭೆಯ ನಲವತ್ತೊಂಬತ್ತರಲ್ಲಿ ಮೂವತ್ತಮೂರು ಜನ 'ಹೌದು' ಅನ್ನಬೇಕು. ಅವರ ಕೈಯಲ್ಲಿ ಮೂವತ್ತೆರಡಿತ್ತು. ಕೆಂಪಿನವರಲ್ಲಿ ಉಳಿದವನು ನನ್ನ ಗಂಡ ಒಬ್ಬನೇ.

ನಮ್ಮ ಮಗಳು ಲಿಡಾ ಇರುವುದು ಓಮಾಹಾದಲ್ಲೇ. ಅಂಗಳದಲ್ಲಿ ಬಿಳಿ ಹಲಗೆ, ಅದರ ಮೇಲೆ ಒಂದು ನೀಲಿ ಚುಕ್ಕೆ, ಒಂದಕ್ಷರ ಇಲ್ಲ; ಕೆಂಪು ರಾಜ್ಯದ ನಡುವಿನ ಆ ಒಂದು ನೀಲಿ ಮತದ ಗುರುತು. ಆ ಬೀದಿಯಲ್ಲಿ ಮನೆಮನೆಗೂ ಅದೇ. ಅವಳು ಚೊಚ್ಚಲ ಬಸುರಿ. ಒಂದು ಭಾನುವಾರ ಊಟಕ್ಕೆ ಬಂದಾಗ ಅಪ್ಪನಿಗೆ ಹೇಳಿದ್ದಳು, "ಮಗೂಗೆ ನೀನೇ ಜ್ಞಾನತಂದೆ ಆಗ್ಬೇಕು, ಅದರ ಪರವಾಗಿ ಪಕ್ಕದಲ್ಲಿ ನಿಲ್ಬೇಕು. ನಮ್ಮೂರ ಇಗರ್ಜಿಯಲ್ಲೇ ಜ್ಞಾನಸ್ನಾನ, ನನಗಾದ ಜಾಗದಲ್ಲೇ." ಅವತ್ತು ಲೂಮಿರ್ ತಟ್ಟೆಯಲ್ಲಿದ್ದ ಹುರಿದ ಹಂದಿಮಾಂಸ ಬಿಟ್ಟು ಎದ್ದುಹೋಗಿ ಕೊಟ್ಟಿಗೆ ಹಿಂದೆ ನಿಂತು ಅತ್ತ. ನಾನು ಕಿಟಕಿಯಿಂದ ನೋಡಿದೆ.

ಸಭೆಯಲ್ಲಿ ಮತಕ್ಕೆ ಹಾಕುವ ಹಿಂದಿನ ಭಾನುವಾರ ಬಂದವಳು ಊಟದ ನಡುವೆ ಕೇಳಿಯೇಬಿಟ್ಟಳು.

"ಅಪ್ಪಾ, ಈ ರಾಜ್ಯದಲ್ಲಿ ನನ್ನ ಓಟಿಗೆ ಬೆಲೆ ಇರೋದು ಆ ಒಂದರಲ್ಲಿ ಮಾತ್ರ. ಅದನ್ನ ನೀನೇ ಕಿತ್ಕೊಳ್ತೀಯಾ?"

"ನೋಡೋಣ ಮಗಾ."

"ನೋಡೋದೇನು ಬಂತು? ಬೇಡ ಅಂತೀಯೋ ಇಲ್ವೋ?"

"ಪಕ್ಷದವರೂ ಮನುಷ್ಯರೇ ಅಲ್ವಾ. ನೋಡೋಣ."

"ಅಯ್ಯೋ, ಇವನ ನೋಡೋಣಕ್ಕೆ ಬೆಂಕಿ ಬೀಳ!" ಅಂತ ನಾನು ತಟ್ಟೆ ಕುಕ್ಕಿದೆ. "ಕಾಡಿನಲ್ಲಿ ಕಳೆದ ದನ ಹುಡುಕ್ತಿದ್ದೀಯಾ, ನೋಡೋಕೆ?" ಲಿಡಾ ನಗಲಿಲ್ಲ.

ಮಾರನೆಯ ದಿನ ಜೋಳದ ಗೋದಾಮಿನ ವರ್ನಾನ್ ಬಂದ. ನಮ್ಮ ಕಡೆ ಕೆಂಪು ಪಕ್ಷ ನಡೆಸುವವನು ಅವನೇ. ನಾನು ಮಾಡಿದ ಗಸಗಸೆ ತುಂಬಿದ ಕೊಲಾಚ್ ಬನ್ನು ತಿನ್ನುತ್ತಲೇ, "ಡಾಕ್ಟ್ರೇ, ನೀವು ನಮ್ಮವರು. ಊರೆಲ್ಲಾ ನಿಮ್ಮನ್ನೇ ನೋಡ್ತಿದೆ" ಅಂದ. ಬೆದರಿಕೆಯನ್ನು ಬೆಣ್ಣೆ ಸವರಿ ಕೊಡುವುದರಲ್ಲಿ ಗಟ್ಟಿಗ. ಇವನು ಅವನಿಗೂ ಅದೇ, "ನೋಡೋಣ."

ಮತದ ದಿನ ಬೆಳಿಗ್ಗೆ ಲೂಮಿರ್ ಗೆಲುವಾಗಿದ್ದ. ಟೈ ಕಟ್ಟಿಕೊಳ್ಳುತ್ತಾ ಗುಟ್ಟು ಬಿಟ್ಟ. "ನಾನು ಹೌದು ಅನ್ನಲ್ಲ, ಇಲ್ಲ ಅಂತಲೂ ಅನ್ನಲ್ಲ. 'ಹಾಜರ್, ಮತವಿಲ್ಲ' ಅಂತೀನಿ. ನಮ್ಮ ಸಭೇಲಿ ಅದಕ್ಕೂ ಅವಕಾಶ ಇದೆ. ಮೂವತ್ತಮೂರು ಆಗಲ್ಲ, ಮಸೂದೆ ಬೀಳುತ್ತೆ, ಲಿಡಾಗೆ ಖುಷಿ. ನಾನು ಎದುರು ನಿಂತಿಲ್ಲ, ವರ್ನಾನ್‌ಗೂ ಬೇಜಾರಿಲ್ಲ. ಹೆಂಗೆ?"

ನನಗೂ ಹೌದಲ್ಲ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಹಾವೂ ಸಾಯಲಿ, ಕೋಲೂ ಮುರಿಯದಿರಲಿ ಅಂದುಕೊಂಡು ಅವನ ಟೈ ನಾನೇ ಸರಿ ಮಾಡಿದೆ.

ರಾಜಧಾನಿ ಲಿಂಕನ್‌ನ ಸಭಾಭವನದಲ್ಲಿ, ಮೇಲಿನ ಸಾಲಿನ ಬೆಂಚಿನಲ್ಲಿ ಲಿಡಾ ನನಗಾಗಿ ಜಾಗ ಹಿಡಿದಿದ್ದಳು. ಎಂಟು ತಿಂಗಳ ಹೊಟ್ಟೆ, ಉಬ್ಬಿದ ಕಾಲು. ಹೆಸರು ಕೂಗಿ ಮತ ಕೇಳಲು ಶುರುಮಾಡಿದರು. ಕೆಳಗೆ ಒಬ್ಬೊಬ್ಬರೇ ಹೌದು, ಇಲ್ಲ ಅನ್ನುತ್ತಿದ್ದರು. ಇವನ ಹೆಸರು ಬಂತು. ಲಿಡಾ ನನ್ನ ಕೈ ಹಿಡಿದಳು.

"ಹಾಜರ್, ಮತವಿಲ್ಲ."

ಮುಖ ತಗ್ಗಿಸಿ ಹೇಳಿದ. ಕೊಟ್ಟಿಗೆಯಲ್ಲಿ ಕೆಚ್ಚಲು ಹಿಡಿದು ನೋಡುವಾಗ ಇರುವ ಧೈರ್ಯದಲ್ಲಿ ಕಾಲುಭಾಗವೂ ಆ ದನಿಯಲ್ಲಿ ಇರಲಿಲ್ಲ.

ಮಸೂದೆ ಬಿತ್ತು. ಸುತ್ತಲಿನವರು ಒಬ್ಬರನ್ನೊಬ್ಬರು ತಬ್ಬಿಕೊಂಡರು, ಲಿಡಾಳನ್ನೂ ತಬ್ಬಿಕೊಂಡರು. ಅವಳು ಅಳುತ್ತಿದ್ದಳು. ಆನಂದದ ಕಣ್ಣೀರು ಅಂದುಕೊಂಡು ಒಬ್ಬಾಕೆ ಬೆನ್ನು ಸವರಿದಳು.

"ಗೆದ್ದೆವಲ್ಲ ಮಗಳೇ, ಇನ್ಯಾಕೆ ಅಳು?" ಅಂದೆ.

"ಗೆದ್ದಿದ್ದು ಬೇರೆಯವರು ಬಾಯಿಬಿಟ್ಟು ಇಲ್ಲ ಅಂದಿದ್ದಕ್ಕೆ ಅಮ್ಮ. ಅಪ್ಪ ನನಗೋಸ್ಕರ ಒಂದು ಮಾತೂ ಆಡಲಿಲ್ಲ."

"ಪರಿಣಾಮ ಒಂದೇ ಅಲ್ವೇನೇ?"

"ಅವನಿಗೆ ಒಂದೇ. ನನಗಲ್ಲ." ಬ್ಯಾಗು ಎತ್ತಿಕೊಂಡು, ಸೊಂಟ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು. ಅಪ್ಪನಿಗಾಗಿ ಕಾಯಲಿಲ್ಲ.

ಸಂಜೆಗೆ ಊರಲ್ಲಿ ಸುದ್ದಿ ಹಬ್ಬಿತ್ತು. ವರ್ನಾನ್ ಬಾಗಿಲಲ್ಲೇ ನಿಂತ, ಒಳಗೆ ಕಾಲಿಡಲಿಲ್ಲ. "ಎದುರು ನಿಂತು ಹೊಡೆದಿದ್ರೆ ಮರ್ಯಾದೆ ಕೊಡ್ತಿದ್ದೆ ಡಾಕ್ಟ್ರೇ. ನೀವು ಹಿಂದಿನಿಂದ ಕಾಲು ಕೊಟ್ಟು ಬೀಳಿಸಿದ್ರಿ" ಅಂದು ಹೋದ. ಮುಂದಿನ ಚುನಾವಣೆಗೆ ಬೇರೆಯವನನ್ನು ನಿಲ್ಲಿಸುತ್ತೇವೆ ಅಂತ ಆ ವಾರವೇ ಸಾರಿದರು. ಕರು ಸಿಕ್ಕಿಕೊಂಡರೆ ಪಕ್ಕದ ಊರಿನ ಡಾಕ್ಟರನ್ನು ಕರೆಸುವವರೂ ಹುಟ್ಟಿಕೊಂಡರು. ಲೂಮಿರ್ ಫೋನಿನ ಹತ್ತಿರ ಬೂಟು ಹಾಕಿಕೊಂಡೇ ಕೂರುತ್ತಿದ್ದ.

ಗಂಡು ಮಗು ಹುಟ್ಟಿದ್ದನ್ನು ಅಳಿಯ ಗ್ಯಾರೆಟ್ ಫೋನು ಮಾಡಿ ತಿಳಿಸಿದ. ನಾನೊಬ್ಬಳೇ ಹೋಗಿ ನೋಡಿಬಂದೆ. ಜ್ಞಾನಸ್ನಾನ ಓಮಾಹಾದಲ್ಲೇ ಅಂದಳು ಲಿಡಾ.

"ಜ್ಞಾನತಂದೆ?"

"ಗ್ಯಾರೆಟ್‌ನ ತಮ್ಮ."

"ಅಯ್ಯೋ, ಅವನು ಕ್ರಿಸ್‌ಮಸ್ಸಿಗೆ ಬಿಟ್ರೆ ಇಗರ್ಜಿ ಮುಖವನ್ನೇ ನೋಡಲ್ವಲ್ಲೇ!"

ಲಿಡಾ ಮಗುವಿನ ಟೋಪಿ ಸರಿಮಾಡುತ್ತಾ ಮೆಲ್ಲಗೆ ಹೇಳಿದಳು. "ಅಲ್ಲಿ ಫಾದರ್ ಪ್ರಶ್ನೆ ಕೇಳ್ತಾರೆ ಅಮ್ಮ. ಮಗು ಪರವಾಗಿ ಜೋರಾಗಿ ಉತ್ತರ ಕೊಡ್ಬೇಕು. ಅಪ್ಪನ ಕೈಲಿ ಆಗಲ್ಲ. ನೀವಿಬ್ಬರೂ ಬನ್ನಿ, ಬರಬೇಡಿ ಅನ್ನಲ್ಲ."

ಈ ಮಾತನ್ನು ಮನೆಗೆ ಬಂದು ಇವನಿಗೆ ಹೇಗೆ ಹೇಳಲಿ? ನನ್ನ ಬಾಯಿಗೆ ಬೀಗ ಇಲ್ಲ ಅಂತಾರೆ ಊರವರು, ಅವತ್ತು ಬಿತ್ತು. ಜ್ಞಾನಸ್ನಾನ ಓಮಾಹಾದಲ್ಲಿ ಅಂದಷ್ಟಕ್ಕೇ ಅವನು ಉಳಿದದ್ದನ್ನು ಅರ್ಥ ಮಾಡಿಕೊಂಡಿದ್ದ.

ಜ್ಞಾನಸ್ನಾನದ ಭಾನುವಾರ ಹಾಳುಗಾಳಿ. ಲಿಡಾಳ ಅಂಗಳದ ಚುಕ್ಕೆ ಹಲಗೆ ಹುಲ್ಲಿನ ಮೇಲೆ ಮಗುಚಿ ಬಿದ್ದಿತ್ತು. ಲೂಮಿರ್ ಕಾರಿನಿಂದ ಇಳಿದು ಅದನ್ನು ಮತ್ತೆ ನೆಟ್ಟ, ಬೂಟಿನಿಂದ ಮಣ್ಣು ಒತ್ತಿದ. ಅದನ್ನು ನಾನಲ್ಲದೆ ಯಾರೂ ನೋಡಲಿಲ್ಲ.

ಇಗರ್ಜಿಯಲ್ಲಿ ನಾವು ಕೊನೆಯ ಬೆಂಚಿನಲ್ಲಿ ಕೂತೆವು. ಮುಂದೆ ನೀರಿನ ತೊಟ್ಟಿಯ ಬಳಿ ಲಿಡಾ, ಗ್ಯಾರೆಟ್, ಅವನ ತಮ್ಮ. ಫಾದರ್ ಅವರತ್ತ ತಿರುಗಿ ಕೇಳಿದರು.

"ಪಾಪವನ್ನು ತ್ಯಜಿಸುತ್ತೀರಾ?"

"ತ್ಯಜಿಸುತ್ತೇವೆ," ಅಂದರು ಮೂವರೂ.

ಫಾದರ್ ಮುಂದಿನ ಪ್ರಶ್ನೆಗೆ ಬಾಯಿ ತೆರೆದಿದ್ದರು. ನನ್ನ ಪಕ್ಕದಲ್ಲಿ ಲೂಮಿರ್ ಎದ್ದು ನಿಂತ. "ತ್ಯಜಿಸುತ್ತೇನೆ!" ಅಂದ. ಹೊಲದ ಆಚೆಬದಿಯವನನ್ನು ಕೂಗುವ ದನಿ ಅದು. ಗೋಡೆಗಳಿಗೆ ಬಡಿಯಿತು. ಜನರೆಲ್ಲಾ ಹಿಂತಿರುಗಿ ನೋಡಿದರು, ಯಾರೋ ಕಿಸಕ್ಕನೆ ನಕ್ಕರು. ಮಗು ಬೆಚ್ಚಿ ಅಳತೊಡಗಿತು.

ಲಿಡಾ ತಿರುಗಲಿಲ್ಲ. ಮಗುವಿನ ಬೆನ್ನು ತಟ್ಟುತ್ತಾ, ಮುಂದುವರಿಸಿ ಅಂತ ಫಾದರ್‌ಗೆ ತಲೆಯಾಡಿಸಿದಳು. ನಾನು ಇವನ ಕೋಟಿನ ತುದಿ ಹಿಡಿದು ಎಳೆದೆ. ಅವನು ಕೂರಲಿಲ್ಲ. ಉಳಿದ ಪ್ರಶ್ನೆಗಳು ಒಂದೊಂದಾಗಿ ಮುಗಿಯುವವರೆಗೂ, ಯಾರೂ ಕೂಗದ ತನ್ನ ಹೆಸರಿಗೆ ಕಾಯುತ್ತಾ ನಿಂತೇ ಇದ್ದ.