ಮುಗಿಯುವವರೆಗೆ ಕಾಯಬಾರದು

ನನ್ನ ಭಾವನಿಗೆ ವಾಸನೆ ಗೊತ್ತಾಗುವುದಿಲ್ಲ. ಕಳೆದ ವರ್ಷ ಬಂದ ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಅವರ ಕೆಲಸವೋ ಬೇಕರಿಯಲ್ಲಿ, ಗ್ಯಾಸ್ ಒಲೆಯ ಮುಂದೆ. ಯಜಮಾನರಿಗೆ ತಿಳಿದರೆ ಕೆಲಸ ಹೋಗುತ್ತದೆ. ಗ್ಯಾಸ್ ಸೋರಿದ್ದು ಭಾವನಿಗೆ ತಿಳಿಯದಿದ್ದರೆ ಜೀವವೇ ಹೋಗುತ್ತದೆ. ಅಕ್ಕ ಇದನ್ನು ನನ್ನೊಬ್ಬಳ ಹತ್ತಿರವೇ ಹೇಳಿಕೊಂಡು ಅತ್ತಳು. ಅಳಬೇಡ, ನಾನಿದ್ದೀನಿ ಅಂದುಬಿಟ್ಟೆ.

ನಾನಿರುವುದು ಗ್ಯಾಸ್ ಸೋರಿದರೆ ಕೂಗುವ ಪೆಟ್ಟಿಗೆ ಮಾಡುವ ಸಣ್ಣ ಕಂಪನಿಯಲ್ಲಿ. ಅದರೊಳಗಿನ ಪ್ರೋಗ್ರಾಂ ಅನ್ನು ರಸ್ಟ್ ಭಾಷೆಯಲ್ಲಿ ಬರೆಯುವವಳು ನಾನೇ. ಅಪಾಯವಿದೆಯೇ ಎಂದು ನೋಡಲು ಎರಡು ಫಂಕ್ಷನ್ ಇದ್ದವು: ಹಳೆಯ ಅಳತೆಗಳ ಪಟ್ಟಿಗೊಂದು, ಗಾಳಿಯನ್ನು ಮೂಸಿ ಅಳೆಯುವ ಸೆನ್ಸರ್‌ಗೊಂದು. ಒಂದನ್ನು ತಿದ್ದಿದರೆ ಇನ್ನೊಂದು ಮರೆತುಹೋಗುತ್ತಿತ್ತು. ಈ ರಗಳೆಯೇ ಬೇಡವೆಂದು ಎರಡಕ್ಕೂ ಸೇರಿಸಿ ಒಂದೇ ಜನರಿಕ್ ಫಂಕ್ಷನ್ ಬರೆದೆ. ಯಾವ ಇಟರೇಟರ್ ಆದರೂ ಸರಿ, ಅಂದರೆ ಒಂದಾದ ಮೇಲೊಂದು ಅಳತೆ ಕೊಡುತ್ತಾ ಹೋದರೆ ಸಾಕು, ಕೊಡುವವರು ಯಾರೆಂದು ಅದು ಕೇಳುವುದಿಲ್ಲ. ಬರೆದದ್ದರಲ್ಲಿ ತಪ್ಪು ಹುಡುಕುವ ಕಂಪೈಲರ್‌ನ ಬಾಯಿ ನನ್ನ ಬಾಯಿಗಿಂತ ಜೋರು. ಅದೂ ಕಮಕ್ ಕಿಮಕ್ ಎನ್ನದೆ ಒಪ್ಪಿತು. ಪಟ್ಟಿ ಕೊಟ್ಟು ನೋಡಿದೆ, ಗಂಟಲು ಹರಿಯುವಂತೆ ಕೂಗಿತು. ಸೆನ್ಸರ್ ಹಚ್ಚಿ ನೋಡುವಷ್ಟು ತಾಳ್ಮೆ ನನಗೆಲ್ಲಿ! ಪೆಟ್ಟಿಗೆ ಹೊತ್ತು ಬೇಕರಿಗೆ ಹೋದೆ, ಭಾವನ ಮೂಗಿನ ಮಾತೆತ್ತದೆ ಒಂದು ಪರೀಕ್ಷೆಗೆ ಯಜಮಾನರನ್ನು ಒಪ್ಪಿಸಿದೆ.

ಒಲೆ ಆರಿಸಿ, ಬಾಗಿಲು ಕಿಟಕಿ ತೆರೆದಿಟ್ಟು, ಯಜಮಾನರೇ ಗ್ಯಾಸಿನ ತಿರುಪನ್ನು ಒಂಚೂರು ಬಿಟ್ಟರು. ಪೆಟ್ಟಿಗೆ ಸುಮ್ಮನಿತ್ತು. ಯಜಮಾನರು ಮೂಗು ಮುಚ್ಚಿಕೊಂಡರು, ನಾನೂ ಮುಚ್ಚಿಕೊಂಡೆ. ಒಲೆಯ ಪಕ್ಕದಲ್ಲೇ ನಿಂತಿದ್ದ ಭಾವ ಮಾತ್ರ, "ಇನ್ನೂ ಬಿಟ್ಟಿಲ್ವಾ ಯಜಮಾನ್ರೆ?" ಎಂದು ಕೇಳಿದರು.

ಯಜಮಾನರು ತಿರುಪು ಮುಚ್ಚಿ ಭಾವನ ಮುಖವನ್ನೇ ನೋಡಿದರು. ಯಾವಾಗಿನಿಂದ ಹೀಗೆ ಎಂದು ಕೇಳಿದರು. ಭಾವ ಏನನ್ನೂ ಮುಚ್ಚಿಡದೆ ಹೇಳಿದರು. ಯಜಮಾನರು ಕೆಟ್ಟವರಲ್ಲ, ಆದರೂ ನಾಳೆಯಿಂದ ಬರಬೇಡ ಎಂದರು. ನಿನ್ನ ಹೆಣ ನನ್ನ ಬೇಕರಿಯಲ್ಲಿ ಬೀಳುವುದು ಬೇಡ ಎಂದರು. ನಿನ್ನ ಪೆಟ್ಟಿಗೆಯನ್ನೂ ತೆಗೆದುಕೊಂಡು ಹೋಗಮ್ಮ ಎಂದು ನನಗೂ ಬಾಗಿಲು ತೋರಿಸಿದರು.

ಮೈಯೆಲ್ಲ ಉರಿಯಿತು, ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೇ.

"ಹೋಗಲ್ಲ," ಎಂದೆ. "ತಪ್ಪು ನಂದು. ಸರಿ ಮಾಡಿ ತೋರ್ಸೋವರೆಗೂ ಇಲ್ಲಿಂದ ಏಳಲ್ಲ."

ಮೈದಾ ಮೂಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಫಂಕ್ಷನ್‌ನ ಮೊದಲ ಸಾಲು ನೋಡಲು ಚೆಂದವಿತ್ತು, ಒಂದೊಂದಾಗಿ ಕೊಡಿ ಎನ್ನುತ್ತಿತ್ತು. ಅದರ ಕೆಳಗೇ ಹಳೆಯ ಫಂಕ್ಷನ್‌ನಿಂದ ಉಳಿದುಕೊಂಡ ಒಂದು ಕಲೆಕ್ಟ್: ಬಂದದ್ದನ್ನೆಲ್ಲ ಮೊದಲು ಗುಡ್ಡೆ ಹಾಕು, ಆಮೇಲೆ ನೋಡು. ಹೊರಗೆ ಥಳುಕು, ಒಳಗೆ ಹುಳುಕು. ಪಟ್ಟಿಗಾದರೆ ಕೊನೆಯಿದೆ, ಸೆನ್ಸರ್‌ಗೆ ಎಲ್ಲಿಯ ಕೊನೆ? ಅದು ಕೊಡುತ್ತಲೇ ಇರುತ್ತದೆ, ಅದು ಮುಗಿಯಲಿ ಎಂದು ನನ್ನ ಫಂಕ್ಷನ್ ಕಾಯುತ್ತಲೇ ಇರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇದು ಆಗಲೂ ಹಾಕುತ್ತಿರಲಿಲ್ಲ.

ಆ ಸಾಲನ್ನು ಕಿತ್ತೆಸೆದೆ. ಪ್ರತಿ ಅಳತೆಯನ್ನೂ ಬಂದ ಕೂಡಲೇ ನೋಡಿ, ಸಾಲಾಗಿ ಕೆಲವು ಮಿತಿ ಮೀರಿದರೆ ಮುಂದಿನದಕ್ಕೆ ಕಾಯದೆ ಕೂಗುವಂತೆ ಬರೆದೆ. ಕಂಪೈಲರ್ ಬೈಯಿತು. ಬೈಸಿಕೊಂಡೆ, ತಿದ್ದಿದೆ, ಮತ್ತೆ ಬೈಸಿಕೊಂಡೆ. ಯಜಮಾನರು ಒಲೆ ಹಚ್ಚುವ ಹೊತ್ತಾಯಿತೆಂದು ಗೊಣಗಿದರು. ನಾನು ತಲೆ ಎತ್ತಲಿಲ್ಲ.

ಸರಿಹೋಯಿತು ಎಂದಾಗ ಅವರು ಇನ್ನೊಂದು ಪರೀಕ್ಷೆಗೆ ಒಪ್ಪಲಿಲ್ಲ. ಭಾವ ಮೆಲ್ಲಗೆ, "ಒಂದ್ ಸಲ ನೋಡಿಬಿಡಿ ಯಜಮಾನ್ರೆ. ನಾಳೆಯಿಂದ ಹೇಗೂ ನಾನು ಬರಲ್ವಲ್ಲ," ಎಂದರು.

ಯಜಮಾನರು ತಿರುಪು ಬಿಟ್ಟರು. ಕೈ ಇನ್ನೂ ತಿರುಪಿನ ಮೇಲಿರುವಾಗಲೇ ಪೆಟ್ಟಿಗೆ ಕಿರುಚಿಕೊಂಡಿತು.

"ಸುಮ್‌ಸುಮ್ನೆ ಕೂಗ್ತಿದೆ," ಎಂದು ಯಜಮಾನರು ರೇಗಿದರು. "ನಂಗಿನ್ನೂ ವಾಸನೇನೇ ಬಂದಿಲ್ಲ." ಮಾತು ಮುಗಿಯುವಷ್ಟರಲ್ಲಿ ಗಾಳಿ ಅವರ ಕಡೆ ತಿರುಗಿತು, ಮೂಗು ಸೊಟ್ಟ ಮಾಡಿಕೊಂಡು ತಿರುಪು ಮುಚ್ಚಿದರು.

"ಹಾಗಾದ್ರೆ ನಿಮ್ಮನ್ನೂ ಮನೆಗೆ ಕಳಿಸ್ಬೇಕಾಗುತ್ತೆ ಯಜಮಾನ್ರೆ," ಎಂದರು ಭಾವ.

ಯಜಮಾನರು ನಗಲಿಲ್ಲ. ಪೆಟ್ಟಿಗೆಯನ್ನು ಗೋಡೆಗೆ ತೂಗುಹಾಕಲು ಮೊಳೆ ತರುವಂತೆ ನನಗೆ ಹೇಳಿ, ನಾಳೆ ಬೆಳಿಗ್ಗೆಗೆ ಎಷ್ಟು ಹಿಟ್ಟು ಕಲಸಬೇಕೆಂದು ಭಾವನಿಗೆ ಹೇಳತೊಡಗಿದರು.