ದೊಡ್ಡಮ್ಮನ ಬೂದು ಕೋಟು

ನನ್ನ ಅಕ್ಷರ ದುಂಡಗಿಲ್ಲ, ಪದಗಳೂ ಕಡಿಮೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು. ಓದುವವರು ಸಹಿಸಿಕೊಳ್ಳಬೇಕು. ತೀರಿಕೊಂಡ ದೊಡ್ಡಮ್ಮನ ಬಗ್ಗೆ ನಾನೇ ಬರೆಯಬೇಕು, ಏಕೆಂದರೆ ಅವಳ ಅಂಗಡಿಯಲ್ಲಿ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದವಳು ನಾನೊಬ್ಬಳೇ.

ದೊಡ್ಡಮ್ಮ, ಎಂದರೆ ಅಮ್ಮನ ಅಕ್ಕ, ಟೈಲರ್. ತುಟಿಗಳ ನಡುವೆ ಯಾವಾಗಲೂ ಗುಂಡುಪಿನ್ನುಗಳಿರುತ್ತಿದ್ದುದರಿಂದ ಅವಳ ಮಾತೆಲ್ಲ ಬಾಯಿಯ ಒಂದು ಮೂಲೆಯಿಂದ ಬರುತ್ತಿತ್ತು. ಪಿನ್ನು ಇಲ್ಲದಾಗಲೂ ಅದೇ ರೂಢಿ. ಬಿಗಿಯಾಗಿಯೇ ಹೊಲಿಯಬೇಕೆಂದು ಹಟ ಹಿಡಿದ ಹುಡುಗಿಯೊಬ್ಬಳಿಗೆ, "ಇದನ್ನ ಹಾಕ್ಕೊಂಡು ಊಟಾನೂ ಮಾಡ್ತೀಯೋ, ಬರೀ ಫೋಟೋನೋ?" ಎಂದಿದ್ದಳು. ಹುಡುಗಿ ನಕ್ಕು, ಸ್ವಲ್ಪ ಸಡಿಲಕ್ಕೆ ಒಪ್ಪಿದಳು. ನಾನು ಶಾಲೆ ಬಿಟ್ಟಾಗ ಎಲ್ಲರೂ ಏಕೆ ಏಕೆ ಎಂದು ಪೀಡಿಸಿದರು. ಅವಳು ಮಾತ್ರ, "ಬಾರೇ, ಈ ಗುಂಡಿ ಹಾಕ್ಕೊಡು" ಎಂದಳು.

ಚಳಿಯಿರಲಿ, ಸೆಕೆಯಿರಲಿ, ತಾನೇ ಹೊಲಿದ ಅಸ್ತರಿಲ್ಲದ ಬೂದು ಕೋಟು ತೊಟ್ಟು, ಎಡಭುಜವನ್ನು ತುಸು ಮುಂದೆ ಮಾಡಿ, ಮಷಿನ್ ತುಳಿಯುವ ಲಯದಲ್ಲೇ ಪುಟಪುಟನೆ ನಡೆಯುತ್ತಿದ್ದಳು. ನಮ್ಮ ಮನೆಯಲ್ಲಿ ಆರೋಗ್ಯವನ್ನು ಬಟ್ಟೆಯಿಂದಲೇ ತಿಳಿಯುವ ಪದ್ಧತಿ. ಅಪ್ಪನ ಅಂಗಿಯ ಹೆಗಲು ಇಳಿದರೆ ಸಾಕು, "ಇವ್ರು ಸರಿಯಾಗಿ ಉಣ್ತಾ ಇಲ್ಲ" ಎಂದು ಅಮ್ಮ ಗದ್ದಲವೆಬ್ಬಿಸುತ್ತಿದ್ದಳು. ದೊಡ್ಡಮ್ಮನ ಕೆನ್ನೆ ಗುಳಿಬಿದ್ದಾಗಲೂ ಕೇಳಿದಳು: "ಅಕ್ಕಾ, ಯಾಕಿಷ್ಟು ಇಳಿದುಹೋಗಿದ್ದೀಯ?"

ಪಿನ್ನುಗಳ ಸಂದಿಯಿಂದ ಉತ್ತರ ಬಂತು: "ಇಳಿದಿದ್ರೆ ಕೋಟು ಜೋತುಬೀಳ್ತಿರ್ಲಿಲ್ವೇನೇ?"

ಕೋಟು ಮೈಗೆ ಅಚ್ಚುಕಟ್ಟಾಗಿ ಕುಳಿತಿತ್ತು. ನಾವು ಕೋಟನ್ನು ನಂಬಿದೆವು. ವೈದ್ಯರು ನಂಬಲಿಲ್ಲ, ಆದರೆ ಅವರ ಬಳಿ ಹೋಗುವಷ್ಟರಲ್ಲಿ ಕಾಲ ಮಿಂಚಿತ್ತು.

ಮೊನ್ನೆ ಅಮ್ಮ ಆ ಕೋಟನ್ನು ನನ್ನ ಮುಂದಿಟ್ಟು, "ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡ್ಕೊಳೇ. ಅಕ್ಕನ ನೆನಪು, ನಿನ್ನ ಮೈಮೇಲಿರ್ಲಿ" ಎಂದಳು. ಬ್ಲೇಡು ಹಿಡಿದು ಕೋಟಿನ ಒಳಮೈ ತಿರುಗಿಸಿದೆ. ಎರಡೂ ಪಕ್ಕಗಳಲ್ಲಿ ಹಳೆಯ ಹೊಲಿಗೆಯ ಒಳಗೊಂದು ಹೊಸ ಹೊಲಿಗೆ, ಅದರೊಳಗೆ ಮತ್ತೊಂದು, ಮತ್ತೊಂದು. ತಾನು ಕರಗಿದ ಹಾಗೆಲ್ಲ ಕೋಟನ್ನೂ ಬಿಗಿ ಮಾಡುತ್ತ ಬಂದಿದ್ದಳು. ಮೊದಲ ಸಾಲುಗಳು ಗೆರೆ ಎಳೆದಷ್ಟು ನೇರ. ಕೊನೆಯದು ಕೈಹೊಲಿಗೆ, ಸೊಟ್ಟಸೊಟ್ಟ. ಮಷಿನ್ ತುಳಿಯುವ ಬಲ ಆಗ ಕಾಲಿಗಿರಲಿಲ್ಲ. ಒಳಗೆ ಮಡಿಸಿಟ್ಟ ಬಟ್ಟೆ ನನ್ನ ಅಂಗೈಯಗಲ ಇತ್ತು. ದೊಡ್ಡಮ್ಮ ಅಷ್ಟಗಲ ನಮ್ಮ ಕಣ್ಣೆದುರೇ ಇಲ್ಲವಾಗಿದ್ದಳು.

ಅಮ್ಮ ಆ ಮಡಿಕೆಯ ಮೇಲೆ ಕೈಯಿಟ್ಟು, "ಕೇಳಿದ್ನಲ್ಲೇ... ನಾನು ಕೇಳಿದ್ನಲ್ಲ" ಎನ್ನುತ್ತ ಅಲ್ಲೇ ಕುಸಿದಳು. ನಾನು ಬ್ಲೇಡನ್ನು ಬದಿಗಿಟ್ಟು ಅವಳ ಪಕ್ಕ ಕುಳಿತೆ.

ಬೇರೆಯವರ ಬಟ್ಟೆಯಲ್ಲಿ ಉಸಿರಾಡಲು ಜಾಗ ಬಿಡುವ ಇಂಥವರು ತಮಗೆ ಮಾತ್ರ ಬಿಗಿಯಾಗಿ ಹೊಲಿದುಕೊಳ್ಳುತ್ತಾರೆ. ಅವರನ್ನು ಎದುರಿನಿಂದ ನೋಡಿದರೆ ಸಾಲದು, ಒಳಮೈ ತಿರುಗಿಸಿ ನೋಡಬೇಕು. ಬದುಕಿರುವಾಗ ಅವರು ಅದಕ್ಕೆ ಬಿಡುವುದಿಲ್ಲ.

ಬ್ಲೇಡನ್ನು ಡಬ್ಬಿಗೆ ಹಾಕಿದ್ದೇನೆ. ನಾಳೆ ಅಂಗಡಿ ತೆಗೆದು, ಕೋಟನ್ನು ಅವಳ ಅಳತೆಯಲ್ಲೇ ಗೂಟಕ್ಕೆ ತೂಗುಹಾಕುತ್ತೇನೆ.