ಅಂಕಿ ಮೂಡದ ಮುಖ

ನಾನು ಒಂದು ಕಾಟಾ. ಕಲ್ಲು ಇಟ್ಟು ತೂಗುವ ಹಳೆಯ ತಕ್ಕಡಿಯಲ್ಲ, ಕರೆಂಟಿನ ಕಾಟಾ. ಕೆಳಗೆ ಚೀಲ ಇಡುವ ಕಬ್ಬಿಣದ ಹಲಗೆ, ಅದರ ಹಿಂದೆ ಎದೆಯೆತ್ತರದ ಕಂಬ, ಕಂಬದ ತುದಿಗೆ ಕೆಂಪು ಅಂಕಿ ಮೂಡುವ ಡಬ್ಬಿ. ಆ ಡಬ್ಬಿಯೇ ನನ್ನ ಮುಖ. ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ನನ್ನನ್ನು ಬೆಸೆದು ಜೋಡಿಸಿದರು. ನನ್ನ ಮೇಲೆ ಮೊದಲು ಹತ್ತಿ ನಿಂತವನು ಬೆಸೆದ ವೆಲ್ಡರೇ. ಎಂಬತ್ತೊಂದು ಕಿಲೋ ಎಂದು ತೋರಿಸಿದೆ. "ಈಗ ಉಂಡು ಬಂದೇನಿ, ಅದೂ ಸೇರೈತಿ" ಎಂದು ಇಳಿದುಬಿಟ್ಟ. ಮನುಷ್ಯರಿಗೆ ತಮ್ಮ ಭಾರ ಒಪ್ಪಿಕೊಳ್ಳುವುದು ಕಷ್ಟ ಎಂಬುದು ಹುಟ್ಟಿದ ದಿನವೇ ನನಗೆ ಗೊತ್ತಾಯಿತು.

ಮೊದಲ ಎರಡು ವರ್ಷ ಒಬ್ಬ ಉಳ್ಳಾಗಡ್ಡಿ ವ್ಯಾಪಾರಿಯ ಹತ್ತಿರ ಇದ್ದೆ. ಮಾರುವಾಗ ಅವನು ಹಲಗೆಯ ಅಂಚಿಗೆ ಕಾಲಿನ ಹೆಬ್ಬೆರಳು ಊರುತ್ತಿದ್ದ. ಬಿದ್ದ ಭಾರ ಹೇಳುವುದಷ್ಟೇ ನನ್ನ ಕೆಲಸ. ಅದರಲ್ಲಿ ಉಳ್ಳಾಗಡ್ಡಿ ಎಷ್ಟು, ಹೆಬ್ಬೆರಳು ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಬಾಯಿಲ್ಲ. ಆದರೂ ಜನ ನನ್ನನ್ನೇ ಬೈದರು. ಅಂಗಡಿ ಮುಚ್ಚಿದ ಮೇಲೆ ಬ್ಯಾಡಗಿ ಕಡೆಯ ಒಂದು ಖಾರಪುಡಿ ಕಾರ್ಖಾನೆಗೆ ನನ್ನನ್ನು ಮಾರಿದ.

ಅಲ್ಲಿ ನಲವತ್ತು ಹೆಂಗಸರು ಮೆಣಸಿನಕಾಯಿ ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಬಿಡಿಸಿದ್ದನ್ನು ಒಬ್ಬೊಬ್ಬರಾಗಿ ತಂದು ನನ್ನ ಮೇಲೆ ಇಡಬೇಕು. ತೂಕ ನೋಡಿ ಬರೆಯುವವಳು ಫಕೀರವ್ವ. ಅವಳೂ ಹನ್ನೊಂದು ವರ್ಷ ರಾಶಿಯ ಮುಂದೆ ಕೂತವಳೇ. ಬೆರಳುಗಳಿಗೆ ಖಾರ ಎಷ್ಟು ಹತ್ತಿತ್ತೆಂದರೆ ಮನೆಗೆ ಹೋಗಿ ಮೊಮ್ಮಗಳ ಕೆನ್ನೆ ಮುಟ್ಟುವಂತಿರಲಿಲ್ಲ. ಕ್ಯಾಲೆಂಡರ್ ನೋಡಿ, ಬಸ್ಸಿನ ನಂಬರು ನೋಡಿ ತಾನೇ ಅಂಕಿ ಕಲಿತಳು. ಬರೆಯುವ ಗುಮಾಸ್ತ ಕೆಲಸ ಬಿಟ್ಟುಹೋದಾಗ ಮ್ಯಾನೇಜರ್ ಬಸಲಿಂಗಪ್ಪ ಅವಳನ್ನು ನನ್ನ ಪಕ್ಕದ ಕುರ್ಚಿಗೆ ಕೂರಿಸಿದ. ದಿನಾ ಬೆಳಿಗ್ಗೆ ಒಣ ಬಟ್ಟೆಯಿಂದ ನನ್ನ ಮುಖ ಒರೆಸಿಯೇ ಅವಳು ಪೆನ್ನು ಹಿಡಿಯುತ್ತಿದ್ದಳು.

ಆ ವರ್ಷ ದಸರೆಯಲ್ಲಿ, ಆಯುಧ ಮಷಿನ್‌ಗಳಿಗೆ ಮಾಡುವ ಖಂಡೆ ಪೂಜೆಗೆ ಬಸಲಿಂಗಪ್ಪ ತಾನೇ ನಿಂತು ನನ್ನ ಕಂಬಕ್ಕೆ ಬಾಳೆಗಿಡ ಕಟ್ಟಿದ. ಹುರಿಯಲ್ಲಿ ಕಟ್ಟಿದರೆ ವಾಲುತ್ತದೆಂದು ಕಬ್ಬಿಣದ ತಂತಿ ಸುತ್ತಿ, ಇಕ್ಕಳದಿಂದ ತಿರುವಿ ತಿರುವಿ ಬಿಗಿದ. ಮೇಲೆ ಚೆಂಡುಹೂವಿನ ದಪ್ಪ ಹಾರ ಹಾಕಿದ. ಬಾಳೆಗಿಡ ನಾಲ್ಕು ದಿನಕ್ಕೆ ಬಾಡಿತು, ಕಡಿದು ಎಮ್ಮೆಗೆ ಹಾಕಿದರು. ತಂತಿ ಉಳಿಯಿತು. ಹಾರವೂ ಉಳಿಯಿತು. ಪೂಜೆಯ ಹಾರವನ್ನು ಅಮಾವಾಸ್ಯೆಯವರೆಗೆ ಕೀಳಬಾರದು ಎಂಬುದು ಅಲ್ಲಿಯ ರೂಢಿ.

ಎಂಟನೆಯ ದಿನ ಬೆಳಿಗ್ಗೆ ಸ್ವಿಚ್ಚು ಹಾಕಿದರೆ ನನ್ನ ಮುಖದಲ್ಲಿ ಒಂದು ಅಂಕಿಯೂ ಮೂಡಲಿಲ್ಲ.

ಬಸಲಿಂಗಪ್ಪ ಬಂದವನೇ ನನ್ನ ಕೆನ್ನೆಗೆ ಎರಡು ಬಾರಿಸಿದ. ಇದು ಯಾವ ವಿದ್ಯೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಹೊಟ್ಟೆಗಿಲ್ಲದೆ ಬಿದ್ದವನಿಗೆ ಯಾರಾದರೂ ಕಪಾಳಕ್ಕೆ ಹೊಡೆಯುತ್ತಾರೆಯೇ? ಆಮೇಲೆ ಸ್ಕ್ರೂ ಬಿಚ್ಚಿ ಒಳಗೆ ಊದಿದ. ಒಂದು ಸ್ಕ್ರೂ ಕಳೆದ. ನನ್ನೊಳಗಿನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಅದನ್ನು ಬದಲಿಸಬೇಕಾದವನು ಅವನೇ. ಬ್ಯಾಟರಿ ಸರಿ ಇದ್ದಿದ್ದರೆ ಕರೆಂಟು ತಪ್ಪಿದರೂ ನಾನು ಎರಡು ತಾಸು ಬೆಳಗುತ್ತಿದ್ದೆ. ಆ ಮಾತನ್ನು ಅವನು ಎತ್ತಲಿಲ್ಲ.

"ಒದ್ದಿ ಅರಿವಿಲೆ ಒರಿಸಿ ಒಳಗ ನೀರು ಇಳಿಸೀದಿ" ಎಂದ ಫಕೀರವ್ವನಿಗೆ.

"ಒಣ ಅರಿವಿ ಅದ ನೋಡ್ರಿ ಸಾಹೇಬ್ರ, ಇಲ್ಲೇ ಐತಿ."

"ಈಗ ಒಣಗೈತಿ. ನಿನ್ನ ಕೈಯಾಗ ಮಷಿನ್ ಕೊಟ್ಟದ್ದ ನಂದು ತಪ್ಪು. ಹೋಗು, ರಾಶಿ ಮುಂದ ಕುಂದರು. ರಿಪೇರಿಯವ ಬಂದು ನೀರು ಹೋಗೈತಿ ಅಂದರ ಆ ಕೆಲಸಾನೂ ಇಲ್ಲ."

ನಲವತ್ತು ಹೆಂಗಸರ ಕೈ ನಿಂತವು. ಫಕೀರವ್ವ ಪೆನ್ನನ್ನು ಪುಸ್ತಕದ ಮೇಲಿಟ್ಟು ಹೋಗಿ ರಾಶಿಯ ಮುಂದೆ ಕೂತಳು. ಮೂರು ದಿನ ನಾನು ಕಪ್ಪು ಮುಖ ಹೊತ್ತು ಅವಳ ಬೆನ್ನು ನೋಡುತ್ತ ನಿಂತೆ. ನೀರಲ್ಲ, ನೀರಲ್ಲ ಎಂದು ಕೂಗಬೇಕೆನಿಸುತ್ತಿತ್ತು. ನಾನು ಮಾತಾಡುವುದು ಅಂಕಿಗಳಲ್ಲಿ. ಆ ಅಂಕಿಗಳೇ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹಾವೇರಿಯಿಂದ ಕಾಟಾ ರಿಪೇರಿಯ ಮೌಲಾಸಾಬ ಬಂದ. ಬಸಲಿಂಗಪ್ಪ ನನ್ನ ಮುಖವನ್ನು ಬಿಚ್ಚಿ ಅವನ ಕೈಗೆ ಕೊಡಹೋದ.

"ಮುಖ ಇರಲಿ ಬಿಡ್ರಿ. ಊಟ ಮುಟ್ಟಾಕತ್ತೈತಿಲ್ಲೋ ಮೊದಲ ನೋಡೂಣು" ಎಂದ ಮೌಲಾಸಾಬ.

ಗೋಡೆಯ ಬೋರ್ಡಿಗೆ ಟೆಸ್ಟರ್ ಇಟ್ಟ. ಕರೆಂಟು ಇತ್ತು. ವೈರು ನನ್ನ ಡಬ್ಬಿಗೆ ಸೇರುವ ಕಡೆ ಇಟ್ಟ. ಇರಲಿಲ್ಲ. "ಹಂಗಾದ್ರ ನಡುವ ಎಲ್ಲೋ ನಿಂತೈತಿ." ಪ್ಲಗ್ ಕಿತ್ತು, ವೈರನ್ನು ಬೆರಳಲ್ಲಿ ಹಿಡಿದು ಕಂಬದ ಬೆನ್ನಿನ ಮೇಲೆ ಇಂಚಿಂಚು ಬಂದ. ಹಾರದ ಹತ್ತಿರ ಕೈ ನಿಲ್ಲಿಸಿದ.

"ಪೂಜಿ ಹಾರ ಐತ್ರಿ. ನಾ ಕೀಳೂದು ಬ್ಯಾಡ, ನೀವ ತಗೀರಿ."

"ಅಮಾಸಿ ಆಗೂಮಟ ತಗ್ಯೂದಿಲ್ಲ" ಎಂದ ಬಸಲಿಂಗಪ್ಪ. "ಹೂವಿಗೂ ಮಷಿನ್‌ಗೂ ಏನ್ ಸಂಬಂಧ? ನೀ ಮುಖ ಬಿಚ್ಚು."

ಫಕೀರವ್ವ ರಾಶಿಯ ಮುಂದಿನಿಂದ ಎದ್ದಳು. ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡು ಬಂದು ಹಾರಕ್ಕೆ ಕೈ ಮುಗಿದಳು. "ದೇವರು ಸಿಟ್ಟಾದರ ನನ್ನ ಮ್ಯಾಲ ಆಗಲಿ" ಎಂದು ಅದನ್ನು ಎತ್ತಿ ತೆಗೆದಳು.

ಒಳಗೆ ಕಬ್ಬಿಣದ ತಂತಿ ನನ್ನ ವೈರನ್ನು ಕಚ್ಚಿ ಹಿಡಿದಿತ್ತು. ಮೇಲಿನ ರಬ್ಬರು ನೆಟ್ಟಗಿತ್ತು, ಒಳಗಿನ ಎಳೆ ದಿನದಿನಕ್ಕೆ ನಲುಗಿ ತುಂಡಾಗಿತ್ತು.

"ಭಾರೀ ಬಿಗದಾರಲ್ಲ. ಯಾರ ಕೈಯಿ ಇದು?" ಎಂದ ಮೌಲಾಸಾಬ. ಅವನು ನಿಜವಾಗಿ ತಿಳಿಯದೆ ಕೇಳಿದ. ಎಲ್ಲರೂ ಬಸಲಿಂಗಪ್ಪನ ಕಡೆ ನೋಡಿದರು. ಮೌಲಾಸಾಬ ಕೆಟ್ಟ ತುಂಡು ಕತ್ತರಿಸಿ ಎಸೆದು, ವೈರು ಜೋಡಿಸಿ, ಟೇಪು ಸುತ್ತಿದ. ಹತ್ತು ನಿಮಿಷದ ಕೆಲಸ. ನನ್ನ ಮುಖದಲ್ಲಿ ಸೊನ್ನೆಗಳು ಬೆಳಗಿದವು.

"ಹೂಂ, ಆತಲ್ಲ. ಕುಂದರು ಬಾ ಕುರ್ಚಿ ಮ್ಯಾಲ" ಎಂದ ಬಸಲಿಂಗಪ್ಪ, ಬಾಗಿಲ ಕಡೆ ನಡೆಯುತ್ತ.

ಫಕೀರವ್ವ ಅಲುಗಲಿಲ್ಲ. "ಎಲ್ಲಾರ ಮುಂದ ಅಂದೀರಿ. ಎಲ್ಲಾರ ಮುಂದನ ತಿರುಗಿ ತಗೋರಿ, ಆಮ್ಯಾಲ ಕುಂದರತೀನಿ."

ತೂಕವಾದ ಚೀಲ ಒಯ್ಯಲು ಬಂದ ಲಾರಿ ಹೊರಗೆ ಹಾರ್ನು ಹೊಡೆಯುತ್ತಿತ್ತು. ಅವಳನ್ನು ಬಿಟ್ಟರೆ ತೂಕ ಬರೆಯುವವರು ಅಲ್ಲಿ ಇರಲಿಲ್ಲ. ಬಸಲಿಂಗಪ್ಪ ಚೀಲಗಳ ಕಡೆ ಮುಖ ಮಾಡಿ ಏನೋ ಗೊಣಗಿದ.

ಹಿಂದಿನ ಸಾಲಿನಿಂದ ಮುದುಕಿ ನೀಲಮ್ಮ ತಲೆ ಎತ್ತಿದಳು. "ಈ ಕಡೆ ಕೇಳಸಲಿಲ್ರಿ ಸಾಹೇಬ್ರ. ಖಾರದ ಘಾಟಿಗೆ ಕಿವಿ ಮುಚ್ಚ್ಯಾವ."

"ತಂತಿ ಬಿಗದಾವ ನಾನ" ಎಂದ ಅವನು, ಈ ಸಲ ಗಟ್ಟಿಯಾಗಿ. "ಫಕೀರವ್ವಂದು ತಪ್ಪಿಲ್ಲ."

ಆಗ ಅವಳು ಬಂದು ಕೂತಳು.

ಮರುವಾರ ನನ್ನ ತಲೆಯ ಮೇಲಿನ ಗೋಡೆಗೆ ಅವನು ಒಂದು ಬೋರ್ಡು ಬರೆಸಿ ಹಾಕಿಸಿದ: "ಕಾಟಾಕ್ಕೆ ಒದ್ದೆ ಬಟ್ಟೆ ಮುಟ್ಟಿಸಬಾರದು." ತಂತಿಯ ಮಾತು ಅದರಲ್ಲಿ ಇರಲಿಲ್ಲ.

ಈಗ ನಾನು ಮೌಲಾಸಾಬನ ಅಂಗಡಿಯ ಮೂಲೆಯಲ್ಲಿದ್ದೇನೆ. ಹಲಗೆಗೆ ತುಕ್ಕು ಹಿಡಿದಿದೆ. ಅಂಕಿ ಹೋದ ಕಾಟಾಗಳನ್ನು ಜನ ಇಲ್ಲಿಗೆ ಹೊತ್ತು ತರುತ್ತಾರೆ. ಹತ್ತರಲ್ಲಿ ಏಳರ ಮುಖ ಗುದ್ದಿ ತಗ್ಗಾಗಿರುತ್ತದೆ. ಕೆಟ್ಟಿರುವುದು ಮಾತ್ರ ಪ್ಲಗ್ಗೋ ಫ್ಯೂಸೋ. ಜೊತೆಗೆ ಬಂದವರು ಯಾರೋ ಒಬ್ಬ ಬಡಪಾಯಿಯ ಹೆಸರು ಹೇಳಿ, ಅವನೇ ಕೆಡಿಸಿದ ಎನ್ನುತ್ತಾರೆ. ವೈರು ಹಿಡಿದು ನೋಡುವುದಕ್ಕೆ ಮೊದಲೇ ಹೆಸರು ಸಿದ್ಧವಾಗಿರುತ್ತದೆ. ಎಷ್ಟು ಕೇಳಿದರೂ ನನ್ನ ಸಿಟ್ಟು ಇಳಿದಿಲ್ಲ.

ಕಾರ್ಖಾನೆಗೆ ಹೊಸ ಕಾಟಾ ಬಂದು ನನ್ನನ್ನು ಟೆಂಪೋಗೆ ಏರಿಸಿದ ದಿನವೂ ಆ ಬೋರ್ಡು ಅಲ್ಲೇ ಇತ್ತು. ಅದರ ಕೆಳಗೆ ಕುರ್ಚಿಯ ಮೇಲೆ ಫಕೀರವ್ವ ಕೂತಿದ್ದಳು.